ಮೇಲಿನ ಮನೆಯವನ ಚಟ

ಹೋದ ತಿಂಗಳು ನಮ್ಮ ಬಡಾವಣೆಯ ಪಾರ್ಕಿನಲ್ಲಿ ದುಶ್ಚಟಗಳ ಬಗ್ಗೆ ಒಂದು ಭಾಷಣವಾಯಿತು. ವಾಕಿಂಗ್ ಮುಗಿಸಿ ಬೆವರು ಒರೆಸಿಕೊಳ್ಳುತ್ತಿದ್ದ ಹಿರಿಯರು ಮತ್ತು ಪಕ್ಕದ ಶಾಲೆಯಿಂದ ಸಾಲುಗಟ್ಟಿಸಿ ಕರೆತಂದ ಮಕ್ಕಳೇ ಸಭಿಕರು. ಭಾಷಣಕಾರರು ನನ್ನ ವಾಕಿಂಗ್ ಸಂಗಾತಿ. ನಿವೃತ್ತಿಯಾದ ಮೇಲೆ ಸಮಾಜಸೇವೆಯನ್ನು ಬಿ.ಪಿ. ಮಾತ್ರೆಯ ಹಾಗೆ ಬೆಳಗಿನ ಹೊತ್ತು ತಪ್ಪದೆ ತೆಗೆದುಕೊಳ್ಳುವವರು. "ದೂರ ಯಾಕೆ ಹೋಗ್ತೀರಿ? ನಮ್ಮ ಚಾಮರಾಜಪೇಟೇಲೇ ಒಬ್ಬ ಹುಡುಗ ಇದ್ದ. ಗುಟ್ಕಾ ಹಾಕ್ತಿದ್ದ. ನಾಲಿಗೆ ಕೊಯ್ದು ತೆಗೆದ್ರು, ಆದ್ರೂ ಉಳೀಲಿಲ್ಲ" ಎಂದು ಹೇಳಿ, ನನ್ನ ಕಡೆ ಕೈ ತೋರಿಸಿ, "ಈ ರಾಯರ ಮನೆ ಮಹಡೀಲೇ ಇದ್ದಿದ್ದು. ಬೇಕಾದ್ರೆ ಕೇಳಿ" ಎಂದರು. ಮಕ್ಕಳೆಲ್ಲ ನನ್ನತ್ತ ತಿರುಗಿದವು. ನಾನು ತಲೆಯಾಡಿಸಿದೆ. ಹೌದೆಂದೋ ಅಲ್ಲವೆಂದೋ ಯಾರೂ ಖಚಿತವಾಗಿ ಹೇಳಲಾಗದಂತೆ ತಲೆಯಾಡಿಸುವ ವಿದ್ಯೆ, ಸಿವಿಲ್ ಕೋರ್ಟಿನಲ್ಲಿ ಬೆಂಚ್ ಕ್ಲರ್ಕ್ ಆಗಿ ಕೂದಲು ನೆರೆಸಿಕೊಂಡವನಿಗೆ ತಾನಾಗಿಯೇ ಬಂದಿರುತ್ತದೆ.

ಆ ಹುಡುಗನ ಬಗ್ಗೆ ನಾಲ್ಕು ಮಾತು ಬರೆಯಬೇಕೆನ್ನಿಸಿದ್ದು ಅಂದೇ. ಹೆಸರು ಬರೆಯುವುದಿಲ್ಲ. ಅವನ ತಾಯಿ ತೀರಿಕೊಂಡು ವರ್ಷವಾಯಿತು. ಅವನ ತಂಗಿಯನ್ನು ಕೂರಿಸಿಕೊಂಡು ನನಗೆ ಗೊತ್ತಿದ್ದುದನ್ನೆಲ್ಲ ಹೇಳಿದೆ. ಅವಳು "ಬರೀರಿ ಮಾಮ, ಹೆಸರು ಮಾತ್ರ ಬೇಡ" ಎಂದಳು. ಅದೇನು ದೊಡ್ಡ ತೊಡಕಲ್ಲ. ನಮ್ಮ ಮನೆಯಲ್ಲಿ ಅವನಿಗೆ ಹೆಸರೇ ಇರಲಿಲ್ಲ. ಮೇಲಿನ ಮನೆಯವನು, ಅಷ್ಟೆ.

ಗಾಂಧಿ ಬಜಾರಿನ ಹಿಂದುಗಡೆಯ ಒಂದು ಮದುವೆ ಛತ್ರದಲ್ಲಿ ಅವನು ಮ್ಯಾನೇಜರು. ಇನ್ನೂ ಸರಿಯಾಗಿ ಮೀಸೆ ಬಲಿಯದ ವಯಸ್ಸು. ಸೊಂಟದಲ್ಲಿ ದೇವಸ್ಥಾನದ ಪಾರುಪತ್ತೇಗಾರನಿಗೆ ಸಲ್ಲುವಂಥ ಬೀಗದ ಕೈ ಗೊಂಚಲು. ಎದುರಿಗಿರುವವರು ದನಿ ಏರಿಸಿದರೆ ಎರಡೂ ಅಂಗೈಗಳನ್ನು ನೆಲದ ಕಡೆ ಮಾಡಿ, ಉಬ್ಬಿದ ಹಾಸಿಗೆಯನ್ನು ಒತ್ತಿ ಕೂರಿಸುವವನಂತೆ ಗಾಳಿಯನ್ನು ಮೆಲ್ಲಗೆ ಒತ್ತುತ್ತಿದ್ದ. "ಆಯ್ತು ಅಂತ ತಿಳ್ಕೊಳ್ಳಿ" ಎನ್ನುತ್ತಿದ್ದ. ಆಗುತ್ತಿತ್ತೋ ಇಲ್ಲವೋ, ಎದುರಿಗಿದ್ದವರು ಕೂರುತ್ತಿದ್ದರು.

ಆ ಛತ್ರದಲ್ಲಿ ಗೋವಿಂದಪ್ಪ ಎಂಬೊಬ್ಬ ನೌಕರನಿದ್ದ. ಗಂಡಿನ ಕಡೆಯವರಿಗೆ ಉಪ್ಪಿಟ್ಟು ಆರಿಹೋಗಿ ಬಂದರೆ ಅದು ಗೋವಿಂದಪ್ಪನ ಬೇಜವಾಬ್ದಾರಿ. ಬಚ್ಚಲಲ್ಲಿ ಬಿಸಿನೀರು ಮುಗಿದರೆ ಗೋವಿಂದಪ್ಪನ ಸೋಮಾರಿತನ. ಬೀಗರು ಕೆಂಡವಾಗಿ ಬಂದಾಗ ಇವನು ಅವರಿಗಿಂತ ಕೆಂಡವಾಗಿ, "ಇವತ್ತೇ ಅವನ ಲೆಕ್ಕ ಚುಕ್ತಾ ಮಾಡಿ ಮನೆಗೆ ಕಳಿಸ್ತೀನಿ" ಎಂದು ಅಡುಗೆಮನೆಯ ಕಡೆ ದಾಪುಗಾಲು ಹಾಕುತ್ತಿದ್ದ. ಒಳಗಿನಿಂದ ಬೈಗುಳ ಕೇಳಿಬರುತ್ತಿತ್ತು. ಎಷ್ಟೋ ಸಲ ಬೀಗರೇ ಮರುಗಿ, "ಹೋಗ್ಲಿ ಬಿಡಪ್ಪ, ಪಾಪ, ಹೊಟ್ಟೆಪಾಡು" ಎಂದು ಗೋವಿಂದಪ್ಪನ ಪರ ವಕಾಲತ್ತು ವಹಿಸಿದ್ದುಂಟು. ಗೋವಿಂದಪ್ಪನೆಂಬ ಮನುಷ್ಯ ಆ ಛತ್ರದಲ್ಲಿ ಎಂದೂ ಇರಲಿಲ್ಲ. ಇದನ್ನು ಅವನೇ ನಮ್ಮ ಜಗಲಿಯ ಮೇಲೆ ಕುಳಿತು, ಒಳ್ಳೆಯ ಆಡಳಿತಕ್ಕೆ ಬೇಕಾದ ಏರ್ಪಾಡೆಂಬಂತೆ ಗಂಭೀರವಾಗಿ ವಿವರಿಸಿದ್ದ.

ಇನ್ನೊಂದು ಸಂಗತಿ. ಅವನಿಗೆ ಎಲೆ ಅಡಿಕೆ ಉಗಿಯುವವರನ್ನು ಕಂಡರೆ ಆಗುತ್ತಿರಲಿಲ್ಲ. ಊಟ ಮುಗಿಸಿ ತಾಂಬೂಲ ಜಗಿಯುತ್ತ ಬಂದವರು ಸುಣ್ಣ ಹೊಡೆಸಿದ ಕಂಬದ ಹತ್ತಿರ ಕೊರಳು ಚಾಚಿದರೆ ಸಾಕು, ಎಲ್ಲಿಂದಲೋ ಇವನು ಪ್ರತ್ಯಕ್ಷನಾಗಿ, ಬಹಳ ಮರ್ಯಾದೆಯಿಂದ ಕೈಹಿಡಿದು ಮೋರಿಯ ತನಕ ಬೀಳ್ಕೊಟ್ಟು ಬರುತ್ತಿದ್ದ. ಮದುವೆ ಮುಗಿದ ಮಾರನೇ ದಿನ ಬ್ರಷ್ಷು ಹಿಡಿದು ಗೋಡೆ ಉಜ್ಜುತ್ತಿದ್ದವನೂ ಅವನೇ. ಅಡಿಕೆಯ ಒಂದು ಚೂರನ್ನು ಅವನು ಬಾಯಿಗೆ ಹಾಕಿಕೊಂಡದ್ದನ್ನು ನಾನು ಕಂಡವನಲ್ಲ. ಇದನ್ನು ಪ್ರಮಾಣ ಮಾಡಿ ಹೇಳಬಲ್ಲೆ. ಅದಕ್ಕಿಂತ ಹೆಚ್ಚಿನದನ್ನು ಹೇಳಲಾರೆ ಎಂಬುದೇ ನನ್ನ ತೊಂದರೆ.

ತಂಗಿಗೆ ಮಲ್ಲೇಶ್ವರದ ಒಂದು ಸಂಬಂಧ ಗೊತ್ತಾಗಿತ್ತು. ಇವರದು ತಂದೆ ಇಲ್ಲದ ಮನೆ. ಅವರು ನಲವತ್ತು ದಾಟುತ್ತಿದ್ದಂತೆ ಹೃದಯಾಘಾತವಾಗಿ ಹೋಗಿದ್ದರು. ಹುಡುಗಿಗೂ ಹುಡುಗನಿಗೂ ಒಬ್ಬರನ್ನೊಬ್ಬರು ಕಂಡರೆ ಮುಖ ಕೆಂಪಾಗುವಷ್ಟು ಒಪ್ಪಿಗೆ. ನಿಶ್ಚಿತಾರ್ಥಕ್ಕೆ ದಿನ ನೋಡುತ್ತಿದ್ದ ಹೊತ್ತಿನಲ್ಲಿ ಅಣ್ಣನ ನಾಲಿಗೆಯ ಹಿಂಬದಿಯಲ್ಲಿ ಒಂದು ಗಂಟು ಕಾಣಿಸಿತು. ನೋವಿಲ್ಲ, ಹುಣ್ಣಿಲ್ಲ. ಒಬ್ಬ ದಂತವೈದ್ಯರು ಹಲ್ಲು ತಾಗಿ ಊದಿದೆ ಎಂದು ಹಲ್ಲು ಉಜ್ಜಿ ಮೊಂಡು ಮಾಡಿದರು. ಇನ್ನೊಬ್ಬರು ರಕ್ತನಾಳಗಳು ಗೋಜಲಾಗಿವೆ ಎಂದರು. ಗಂಟು ಎರಡೂ ಅಭಿಪ್ರಾಯಗಳನ್ನು ಕೇಳಿಕೊಂಡು ತನ್ನ ಪಾಡಿಗೆ ತಾನು ಬೆಳೆಯಿತು. ಕೊನೆಗೆ ಚೂರು ತೆಗೆದು ಪರೀಕ್ಷೆಗೆ ಕಳಿಸಿ, ಅದು ಸಾಲದೆಂದು ಇನ್ನೊಂದು ಊರಿಗೂ ಕಳಿಸಿ, ದೊಡ್ಡಾಸ್ಪತ್ರೆಯ ವೈದ್ಯರು ನಮ್ಮನ್ನು ಕರೆದರು. ತಾಯಿ ಫ್ಲಾಸ್ಕ್ ಹಿಡಿದು ಹೊರಗೆ ಬೆಂಚಿನ ಮೇಲೆ ಕುಳಿತರು. ಅವನ ಜೊತೆ ಒಳಗೆ ಹೋದವನು ನಾನು.

ಕ್ಯಾನ್ಸರ್ ಎಂದರು. ಆದರೆ ಹೊಗೆಸೊಪ್ಪು ತಿನ್ನುವವರಿಗೆ ಬರುವಂಥದ್ದಲ್ಲ. ಅದು ಬಾಯಿಯ ಒಳಪದರದಲ್ಲಿ ಹುಟ್ಟುತ್ತದೆ, ಇದು ಒಳಗಿನ ಮೆತ್ತನೆಯ ಮಾಂಸದಲ್ಲಿ ಹುಟ್ಟುವಂಥದ್ದು, ಬಹಳ ಅಪರೂಪ, ಬಂದರೆ ಹೀಗೆ ಎಳೆಯರಿಗೇ ಬರುವುದು ಎಂದರು. ತಮ್ಮ ಇಡೀ ಸರ್ವಿಸಿನಲ್ಲಿ ಇಂಥದ್ದನ್ನು ಕಂಡದ್ದು ಬೆರಳೆಣಿಕೆಯಷ್ಟು ಎಂದರು. ಯಾಕೆ ಬಂತು ಎಂದು ಇವನು ಕೇಳಿದ. ಗೊತ್ತಿಲ್ಲ ಎಂದರು. ಮನೆತನದಲ್ಲಿ ಬರುವಂಥದ್ದೇ ಎಂದು ಕೇಳಿದ. ಹಾಗೆಂದುಕೊಳ್ಳಲು ಕಾರಣವಿಲ್ಲ ಎಂದರು. ಹಾಗಾದರೆ ಏನು ಕಾರಣ ಎಂದ. ಮತ್ತೆ ಗೊತ್ತಿಲ್ಲ ಎಂದರು. 'ಗೊತ್ತಿಲ್ಲ' ಎನ್ನುವ ಸಾಕ್ಷಿಗಳನ್ನು ನಾನು ಬಹಳ ಕಂಡಿದ್ದೇನೆ. ಅವರು ನೆಲ ನೋಡುತ್ತಾರೆ, ಅಂಗಿಯ ಗುಂಡಿ ತಿರುವುತ್ತಾರೆ. ಈ ವೈದ್ಯರು ಅವನ ಮುಖವನ್ನೇ ನೋಡುತ್ತ, ಎಲ್ಲವನ್ನೂ ಬಲ್ಲವರ ಗಾಂಭೀರ್ಯದಿಂದ ಗೊತ್ತಿಲ್ಲ ಎಂದರು. ನನಗೆ ದಿಕ್ಕು ತೋಚದಂತಾದದ್ದು ಆಗ. ಕಾಯಿಲೆಯ ಹೆಸರಿಗಿಂತ ಹೆಚ್ಚಾಗಿ, ಫಿರ್ಯಾದಿ ಇದ್ದು ಆಪಾದಿತನೇ ಇಲ್ಲದ ಆ ಮೊಕದ್ದಮೆಗೆ.

ಶಸ್ತ್ರಚಿಕಿತ್ಸೆಯಾಯಿತು. ನಾಲಿಗೆಯ ಒಂದು ಭಾಗ ಹೋಯಿತು. ಮನೆಗೆ ಬಂದಾಗ ಮಾತು ಹೊರಳುತ್ತಿರಲಿಲ್ಲ. ತುಟಿಯಲ್ಲೇ ಆಗುವ ಮಾತುಗಳಿಗೆ ಮಾತ್ರ ತೊಡಕಿರಲಿಲ್ಲ. 'ಅಮ್ಮ', 'ಮಾಮ' ಎರಡೂ ಮೊದಲಿನಂತೆಯೇ ಕೇಳಿಸುತ್ತಿದ್ದವು. ಉಳಿದುದಕ್ಕೆ ಕಿವಿ ಪಳಗಬೇಕಿತ್ತು. ಮುಂದೆ ಅವನ ಮಾತುಗಳನ್ನು ನಾನು ನೇರ ಮಾಡಿಯೇ ಬರೆದಿದ್ದೇನೆ.

ಮಲ್ಲೇಶ್ವರದಿಂದ ಸುದ್ದಿ ಬಂತು: "ಸ್ವಲ್ಪ ನಿಧಾನವಾಗಿ ನೋಡೋಣ." ತಂದೆ ಅರ್ಧ ಆಯುಸ್ಸಿಗೆ ಹೋದರು, ಮಗನಿಗೆ ಈ ವಯಸ್ಸಿಗೆ ಹೀಗೆ, ಆ ಮನೆಯ ರಕ್ತದಲ್ಲೇ ಏನೋ ಇರಬೇಕು ಎಂದು ಅಲ್ಲಿ ಮಾತಾಯಿತಂತೆ. ಹುಡುಗಿ ಊಟ ಬಿಟ್ಟಳು. ತಾಯಿ ವೈದ್ಯರ ಮಾತನ್ನು ನನ್ನಿಂದ ಕೇಳಿ, ನಾನು ಹೇಳಿದ್ದನ್ನು ಅರ್ಥ ಮಾಡಿಕೊಳ್ಳದೆ, "ಕಾರಣ ಇಲ್ದೆ ಏನಾದ್ರೂ ಬರತ್ಯೇ ರಾಯರೇ? ನಿಮಗೆ ಸರಿಯಾಗಿ ಕೇಳಿಸಿರಲ್ಲ" ಎಂದರು. ನನಗೂ ಹಾಗೇ ಇರಬಹುದೆನ್ನಿಸಿತು.

ಇದಾದ ಕೆಲವು ದಿನಕ್ಕೆ ನನ್ನ ಶ್ರೀಮತಿ ಪೊರಕೆ ಹಿಡಿದು ಬಂದು, ಮೆಟ್ಟಿಲ ಮೇಲೆ ಗುಟ್ಕಾದ ಖಾಲಿ ಪ್ಯಾಕೆಟ್ಟುಗಳು ಬಿದ್ದಿವೆ ಎಂದಳು. ಮಾರನೇ ದಿನವೂ ಬಿದ್ದಿದ್ದವು. ಮೂರನೇ ದಿನ ಅವಳ ಮುಖ ಏನನ್ನೋ ಕಂಡುಹಿಡಿದವರಂತಾಯಿತು. ಅದನ್ನು ಒಳಗೇ ಇಟ್ಟುಕೊಳ್ಳುವ ಶಕ್ತಿ ದೇವರು ಅವಳಿಗೆ ಕೊಟ್ಟಿರಲಿಲ್ಲ. ನಮ್ಮ ಕ್ರಾಸಿನ ಮನೆಗಳಿಗೆಲ್ಲ ಸಂಜೆಯೊಳಗೆ ತಿಳಿಯಿತು. ಎಲ್ಲರೂ ಒಮ್ಮೆಗೇ ನಿರಾಳರಾದದ್ದು ನನಗೆ ಸ್ಪಷ್ಟವಾಗಿ ನೆನಪಿದೆ. ಅಷ್ಟು ದಿನ ಅವನ ಮನೆಯ ಮುಂದೆ ಪಿಸುಗುಟ್ಟಿಕೊಂಡು ಹೋಗುತ್ತಿದ್ದವರು ಅಂದಿನಿಂದ ಜೋರಾಗಿಯೇ ಮಾತಾಡಿಕೊಂಡು ಹೋದರು.

ನಾನು ಪ್ಯಾಕೆಟ್ಟುಗಳನ್ನು ಪರಿಶೀಲಿಸಿದೆ. ಅವನನ್ನು ಜಗಲಿಗೆ ಕರೆದು ಕೂರಿಸಿ, ಕೈಯಲ್ಲಿಟ್ಟು ತೋರಿಸಿದೆ.

"ಇದು ನಿಂದೇನಪ್ಪ?"

"ಹೌದು ಮಾಮ. ತಪ್ಪಾಯ್ತು."

"ಗುಟ್ಕಾ ಪ್ಯಾಕೆಟ್ಟನ್ನ ಕತ್ತರೀಲಿ ನೀಟಾಗಿ ಕತ್ತರಿಸಿ ತಿನ್ನೋನನ್ನ ನಾನು ಈ ಜನ್ಮದಲ್ಲಿ ನೋಡಿಲ್ಲ."

ಅವನು ಪ್ಯಾಕೆಟ್ಟನ್ನು ತಿರುಗಿಸಿ ನೋಡಿದ. ನಿಜಕ್ಕೂ ಗೊತ್ತಿಲ್ಲದವನಂತೆ, "ಮತ್ತೆ ಏನ್ಮಾಡ್ತಾರೆ?" ಎಂದ.

"ಹಲ್ಲಲ್ಲಿ ಹರೀತಾರೆ."

ಅವನಿಗೆ ನಗು ಬಂತು. ಬಾಯಿ ಪೂರ್ತಿ ತೆರೆಯಲಾಗದೆ ಭುಜದಲ್ಲೇ ನಕ್ಕ. ಆಮೇಲೆ ಹೇಳಿದ. ಛತ್ರದ ಪಕ್ಕದ ಪೆಟ್ಟಿಗೆ ಅಂಗಡಿಯಲ್ಲಿ ಕೊಳ್ಳುತ್ತಾನೆ, ನಾಲ್ಕು ಜನ ನೋಡುವಂತೆ ಜೇಬಿಗೆ ಹಾಕಿಕೊಳ್ಳುತ್ತಾನೆ, ಒಳಗಿರುವುದನ್ನು ಮೋರಿಗೆ ಸುರಿಯುತ್ತಾನೆ.

"ನಾನು ಎಷ್ಟು ಸಂಬಂಧ ಮುರಿದಿದ್ದನ್ನ ನೋಡಿದೀನಿ ಮಾಮ. ಕುಂದು ಇದ್ರೆ ಮುರಿಯಲ್ಲ. ಏನು ಕುಂದು ಅಂತ ಗೊತ್ತಾಗದೇ ಇದ್ರೆ ಮುರಿಯತ್ತೆ. ಗೊತ್ತಾದ್ರೆ ಬೈತಾರೆ, ಬೈದು ಒಳಗೆ ಬಂದು ಊಟಕ್ಕೆ ಕೂತ್ಕೋತಾರೆ."

ಮಾನ ನಿನ್ನದಲ್ಲವೇ ಹೋಗುವುದು ಎಂದು ಕೇಳಿದೆ. ತನ್ನದು ಹೋದರೆ ತನ್ನದೊಬ್ಬನದು, ತಂಗಿಯದು ಹೋದರೆ ಇಬ್ಬರದು ಎಂದ. ಅಮ್ಮನಿಗಾದರೂ ಹೇಳು ಎಂದೆ.

"ಅಮ್ಮನ ಮುಖದಲ್ಲಿ ಎಲ್ಲ ಕಂಡುಬಿಡತ್ತೆ ಮಾಮ. ಬೀಗರ ಮುಂದೆ ನನ್ನ ನೋಡಿ ಕಣ್ಣೀರು ಹಾಕಿದ್ರೆ ಮುಗೀತು. ನನ್ನ ಮೇಲೆ ಅವಳಿಗೆ ನಿಜವಾಗ್ಲೂ ಸಿಟ್ಟು ಬರಬೇಕು."

ಮಾರನೇ ದಿನದಿಂದ ಪ್ಯಾಕೆಟ್ಟುಗಳು ಹಲ್ಲಲ್ಲಿ ಹರಿದವಾಗಿದ್ದವು. ನಾನು ಅವನಿಗೆ ಸಲಹೆ ಕೊಟ್ಟೆನೆಂದು ಯಾರೂ ಭಾವಿಸಬಾರದು. ತಜ್ಞಾಭಿಪ್ರಾಯ ಕೊಟ್ಟೆ, ಅಷ್ಟೆ.

ಮಲ್ಲೇಶ್ವರದಿಂದ ವರನ ಸೋದರಮಾವ ವಿಚಾರಿಸಲು ಬಂದರು. ಹೆಣ್ಣಿನ ಮನೆಯ ಬಗ್ಗೆ ತಿಳಿಯಬೇಕಾದರೆ ಆ ಮನೆಗೆ ಹೋಗಬಾರದು, ಕೆಳಗಿನ ಮನೆಗೆ ಹೋಗಬೇಕು ಎಂಬ ಶಿಷ್ಟಾಚಾರ ಬಲ್ಲ ಹಿರಿಯರು. ಮೊದಲು ನಮ್ಮಲ್ಲಿ ನೀರು ಎಷ್ಟು ಹೊತ್ತು ಬರುತ್ತದೆಂದು ವಿಚಾರಿಸಿದರು. ಮಾರ್ಕೆಟ್ಟಿಗೆ ಬಸ್ಸು ಸಿಗುತ್ತದೆಯೇ ಎಂದರು. ಆಮೇಲೆ ಕೊಡೆಯನ್ನು ಮೊಣಕಾಲ ಮಧ್ಯೆ ನಿಲ್ಲಿಸಿಕೊಂಡು ವಿಷಯಕ್ಕೆ ಬಂದರು.

"ಜನ ಒಳ್ಳೆಯೋರು ಅಂತ ಎಲ್ಲಾರೂ ಹೇಳ್ತಾರೆ. ಅದಲ್ಲ ರಾಯರೇ. ತಂದೆ ಹಾಗೆ ಹೋದ್ರು. ಮಗನಿಗೆ ಹೀಗಾಯ್ತು. ನಾಳೆ ನಮ್ಮನೆ ಮಕ್ಕಳು ಮರಿಗೆ..."

ನಾನು ಗಂಟಲು ಸರಿಪಡಿಸಿಕೊಂಡೆ. ಏನು ಹೇಳಬೇಕೆಂದು ಅಂದೂ ತಿಳಿದಿರಲಿಲ್ಲ, ಇಂದೂ ತಿಳಿದಿಲ್ಲ. ವೈದ್ಯರು ಹೇಳಿದ ನಿಜ ಹೇಳಿದರೆ ಸಂಬಂಧ ಮುರಿಯುತ್ತದೆ. ಆ ಹುಡುಗ ಕಟ್ಟಿದ ಸುಳ್ಳು ಹೇಳಿದರೆ ನಿಲ್ಲುತ್ತದೆ. ಸತ್ಯವನ್ನೇ ಹೇಳುತ್ತೇನೆ ಎಂದು ಸಾವಿರಾರು ಜನರ ಬಾಯಲ್ಲಿ ಹೇಳಿಸಿದವನು ನಾನು. ನನ್ನ ಬಾಯಲ್ಲಿ ಯಾರೂ ಹೇಳಿಸಿರಲಿಲ್ಲ.

ಅಷ್ಟರಲ್ಲಿ ಕಾಫಿ ತಂದ ನನ್ನ ಶ್ರೀಮತಿ ಲೋಟ ಇಡುತ್ತ, ಯಾರೂ ಕೇಳದೆಯೇ ಹೇಳಿದಳು: "ರಕ್ತ ಗಿಕ್ತ ಏನಿಲ್ಲ. ಗುಟ್ಕಾ. ದಿನಾ ಬೆಳಗಾದ್ರೆ ಮೆಟ್ಟಿಲು ಗುಡಿಸೋಳು ನಾನು, ನನಗೆ ಗೊತ್ತಿಲ್ವೇ?"

ಹಿರಿಯರು ಅವಳನ್ನು ನೋಡಿದರು. ಅವಳ ದನಿಯಲ್ಲಿ ಕಪಟವಿರಲಿಲ್ಲ. ಇರಲು ಕಾರಣವೂ ಇರಲಿಲ್ಲ. ನಾನು ಅವಳಿಗೆ ಏನನ್ನೂ ಹೇಳಿರಲಿಲ್ಲ. ಹೇಳಿಕೊಡದ ಸಾಕ್ಷಿಯ ಬೆಲೆಯೇ ಬೇರೆ.

"ನೀವೇನಂತೀರಿ ರಾಯರೇ?"

"ಅವಳು ಕಂಡಿದ್ದನ್ನ ಹೇಳ್ತಿದಾಳೆ" ಎಂದೆ. ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ.

ಅವರು ಕೊಡೆಯನ್ನು ಗೋಡೆಗೆ ಒರಗಿಸಿ, ಅಲ್ಲಿಯವರೆಗೆ ಮುಟ್ಟದಿದ್ದ ಕಾಫಿಯನ್ನು ತೆಗೆದುಕೊಂಡರು. "ಸದ್ಯ. ಚಟ ಅನ್ನಿ. ನಾವೇನೋ ಅಂದ್ಕೊಂಡಿದ್ವಿ" ಎಂದರು. ಮತ್ತೊಂದು ಲೋಟ ಕಾಫಿಯನ್ನೂ ಕುಡಿದರು. ಹೊರಡುವಾಗ ಮೆಟ್ಟಿಲಿಳಿದು ಬರುತ್ತಿದ್ದ ಅವನು ಎದುರಾದ. ಹಿರಿಯರು ಅವನನ್ನು ನಿಲ್ಲಿಸಿಕೊಂಡು, ಬೀದಿಯವರಿಗೆಲ್ಲ ಕೇಳುವಂತೆ, ಹೆತ್ತವರ ಹೆಸರಿಗೆ ಮಸಿ ಬಳಿಯುವ ಯುವಕರ ಬಗ್ಗೆ ಸುದೀರ್ಘವಾಗಿ ಮಾತಾಡಿದರು. ಅವನು ಕೈಕಟ್ಟಿ, ತಲೆತಗ್ಗಿಸಿ, ನಡುನಡುವೆ ತಪ್ಪಾಯಿತೆನ್ನುತ್ತ ನಿಂತಿದ್ದ. ಹಿರಿಯರ ದನಿ ಏರಿದಾಗ ಮಾತ್ರ ಅಂಗೈಗಳು ಅಭ್ಯಾಸಬಲದಿಂದ ಗಾಳಿಯನ್ನು ಒತ್ತಲು ಹೊರಟು, ಅರ್ಧಕ್ಕೆ ನಿಂತವು.

ಮೇಲಿನ ಬಾಗಿಲಲ್ಲಿ ತಾಯಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಬೀದಿಗೆಲ್ಲ ಗೊತ್ತಿದ್ದರೂ ಹೆತ್ತವಳ ಮುಂದೆ ಯಾರೂ ಆಡಿರಲಿಲ್ಲ. ಅವರಿಗೆ ಆ ಮಾತು ಮೊದಲು ತಲುಪಿದ್ದು ಹಾಗೆ. ಅವನು ಬಯಸಿದಂತೆಯೇ ಅವರಿಗೆ ಸಿಟ್ಟು ಬಂತು. ಬಯಸಿದ್ದಕ್ಕಿಂತ ಜಾಸ್ತಿಯೇ ಬಂತು. ನಿನ್ನ ಕೈಯಾರೆ ತಂದುಕೊಂಡೆಯಲ್ಲೋ, ನಾನು ಇಲ್ಲದ ದೇವರಿಗೆಲ್ಲ ಹರಕೆ ಹೊತ್ತೆನಲ್ಲೋ ಎಂದು ಅತ್ತರು. ಆಮೇಲೆ ಬಹಳ ಕಾಲ ಅವನಿಗೆ ಮೆತ್ತಗೆ ಕಲಸಿದ ಅನ್ನವನ್ನು ಮಾತಾಡದೆ ಮುಂದಿಟ್ಟು ಎದ್ದುಹೋಗುತ್ತಿದ್ದರು.

ಮದುವೆ ನಡೆಯಿತು. ಅವನದೇ ಛತ್ರದಲ್ಲಿ. ಆ ದಿನ ಅವನು ಮ್ಯಾನೇಜರೋ ಹೆಣ್ಣಿನಣ್ಣನೋ ಎಂದು ಅವನಿಗೇ ತಿಳಿಯದೆ, ಧಾರೆಯ ಹೊತ್ತಿನಲ್ಲಿ ಅಡುಗೆಮನೆಯಲ್ಲಿದ್ದ. ಯಾರೋ ಹೋಗಿ ಕರೆತಂದರು. ಗಂಡಿನ ಕಡೆಯವರು ಅವನು ಹಾದುಹೋದಾಗಲೆಲ್ಲ ಒಬ್ಬರನ್ನೊಬ್ಬರು ನೋಡಿಕೊಂಡರು. ಯಾರೂ ಊಟ ಬಿಡಲಿಲ್ಲ.

ಆ ಕಾಯಿಲೆಗೆ ಅವಸರವಿರಲಿಲ್ಲ. ವರ್ಷಗಟ್ಟಲೆ ಸುಮ್ಮನಿತ್ತು. ತಂಗಿಗೆ ಮಗುವಾಯಿತು, ಬಾಣಂತನಕ್ಕೆ ಮೇಲಿನ ಮನೆಗೆ ಬಂದವಳು ಮಗುವನ್ನು ಅಣ್ಣನ ಕೈಗೆ ಕೊಡುವ ಮೊದಲು ಅವನ ಬಾಯಿಯ ಹತ್ತಿರ ಮೂಗು ತಂದು ವಾಸನೆ ನೋಡುತ್ತಿದ್ದಳಂತೆ. ಇದನ್ನು ಅವನು ನನಗೆ ನಗುತ್ತಲೇ ಹೇಳಿದ. ನನಗೆ ನಗು ಬರಲಿಲ್ಲ. ಆಮೇಲೊಂದು ಮಳೆಗಾಲದಲ್ಲಿ ಕೆಮ್ಮು ಹಿಡಿಯಿತು. ಶ್ವಾಸಕೋಶಕ್ಕೆ ಹೋಗಿದೆ ಎಂದು ಅದೇ ವೈದ್ಯರು ಹೇಳಿದರು. ಹೀಗೆ ಬಹಳ ಕಾಲ ಬಿಟ್ಟು ಅಲ್ಲಿಗೆ ಹೋಗುವುದುಂಟು ಎಂದರು. ಯಾಕೆಂದು ಈ ಸಲ ನಾವು ಕೇಳಲಿಲ್ಲ.

ಕೊನೆಯ ದಿನಗಳಲ್ಲಿ ಒಂದು ಮಧ್ಯಾಹ್ನ ನಾನು ಮೇಲೆ ಹೋದಾಗ ಅವನು ಕಿಟಕಿಯ ಪಕ್ಕದ ಮಂಚದ ಮೇಲೆ ಒರಗಿದ್ದ. ತಾಯಿ ಔಷಧಿ ಅಂಗಡಿಗೆ ಹೋಗಿದ್ದರು. ಅವನು ನಿಧಾನವಾಗಿ ಕೇಳಿದ:

"ಮಾಮ, ಒಂದ್ಸಲ ಆ ಪ್ಯಾಕೆಟ್ಟಲ್ಲಿದ್ದಿದ್ದನ್ನ ಬಾಯಿಗೆ ಹಾಕ್ಕೊಂಡಿದ್ದೆ. ಹೇಗಿರತ್ತೆ ನೋಡೋಣ ಅಂತ. ಅದರಿಂದಲೇ ಬಂದಿರಬಹುದಾ?"

"ಯಾವಾಗ ಹಾಕ್ಕೊಂಡಿದ್ದೆ?"

"ನೆನಪಿಲ್ಲ. ಈಗೀಗ ಮೊದಲಿಂದಲೂ ಹಾಕ್ತಿದ್ನೇನೋ ಅನ್ಸತ್ತೆ."

ಪ್ಯಾಕೆಟ್ಟು ತಂದದ್ದೇ ಆಪರೇಷನ್ ಆದ ಮೇಲೆ, ಆದ್ದರಿಂದ ಅದು ಕಾರಣವಾಗಲು ಸಾಧ್ಯವೇ ಇಲ್ಲ ಎಂದು ನಾನು ಕೋರ್ಟಿನಲ್ಲಿ ತಾರೀಖು ಓದುವವನಂತೆ ವಿವರಿಸಿದೆ. ಅವನಿಗೆ ಸಮಾಧಾನವಾಗಲಿ ಎಂದೇ ಹೇಳಿದ್ದು. "ಹೌದಲ್ವಾ" ಎಂದ. ಮುಖ ಸಪ್ಪಗಾಯಿತು. ಕೈಗೆ ಸಿಕ್ಕಿದ್ದ ಏನನ್ನೋ ನಾನು ಕಸಿದುಕೊಂಡಂತೆ ಕಿಟಕಿಯ ಕಡೆ ತಿರುಗಿಕೊಂಡ. ಅವನು ನಿಜಕ್ಕೂ ಎಂದಾದರೂ ಹಾಕಿದ್ದನೇ, ಅಥವಾ ಹೇಳಿ ಹೇಳಿ ನಂಬಿಬಿಟ್ಟನೇ, ನನಗೆ ಗೊತ್ತಿಲ್ಲ. ನಾನು ನೆಲ ನೋಡುತ್ತ ಕುಳಿತಿದ್ದೆ.

ನಾನು ಏಳುವಾಗ ಹೇಳಿದ: "ಅಮ್ಮ ಕೇಳಿದ್ರೆ ನಿಜ ಹೇಳಿಬಿಡಿ ಮಾಮ. ಅವಳಾಗೇ ಕೇಳಿದ್ರೆ. ಕೇಳದೇ ಇದ್ರೆ ಬೇಡ."

ಅವನು ಹೋದ ಮೇಲೆ ಆ ತಾಯಿ ದಿನಾ ಹೊತ್ತು ಇಳಿಯುವಾಗ ನಮ್ಮ ಜಗಲಿಗೆ ಬಂದು ಕೂರತೊಡಗಿದರು. ಅವರೆಕಾಯಿ ಬಿಡಿಸುತ್ತಲೋ ಹೂವು ಕಟ್ಟುತ್ತಲೋ ಮಾತಾಡುವರು. ನಾನು ಉತ್ತರವನ್ನು ಸಿದ್ಧಮಾಡಿಕೊಂಡು ಕೂರುತ್ತಿದ್ದೆ. ಎಲ್ಲಿಂದ ಆರಂಭಿಸಬೇಕು, ಎಲ್ಲಿ ನಿಲ್ಲಿಸಬೇಕು, ಎಲ್ಲವೂ ಕ್ರಮವಾಗಿತ್ತು. ಅವರು ಮೊಮ್ಮಗುವಿನ ಹಲ್ಲಿನ ಬಗ್ಗೆ ಕೇಳಿದರು, ನನ್ನ ಮಂಡಿನೋವಿನ ಬಗ್ಗೆ ಕೇಳಿದರು. ಆ ಒಂದನ್ನು ಕೇಳಲಿಲ್ಲ. ಋತುಗಳು ಕಳೆದವು. ಹೇಳಿಬಿಟ್ಟರೆ ಮಗನ ಮಾನ ತಾಯಿಗೆ ಮರಳಿ ಸಿಗುತ್ತದೆ. ಆದರೆ ಆ ಮೌನದ ಅನ್ನದ ತಟ್ಟೆಗಳೂ ಮರಳಿ ಬರುತ್ತವೆ. ಯಾವುದು ದೊಡ್ಡದೆಂದು ತೂಗುವ ಯೋಗ್ಯತೆ ನನಗಿರಲಿಲ್ಲ. ಕೇಳಲಿ ಎಂದು ಕಾದೆ. ಕೇಳದಿರಲಿ ಎಂದೂ ಕಾದೆ.

ಒಂದು ಸಂಜೆ ಅವರು ಹೂವು ಕಟ್ಟುವುದನ್ನು ನಿಲ್ಲಿಸಿ ಬೀದಿಯ ಕಡೆ ನೋಡುತ್ತ ಹೇಳಿದರು:

"ಚಟ ಮಾಡಿ ಸತ್ತ ಅಂತ ಜನ ಈಗ್ಲೂ ಆಡ್ಕೋತಾರೆ ರಾಯರೇ. ಆಡ್ಕೊಳ್ಳಿ ಬಿಡಿ. ಏನೂ ಮಾಡದೆ ಸತ್ತಿದ್ರೆ ನಾನು ಯಾರನ್ನ ಬೈಕೊಂಡು ಬದುಕಲಿ?"

ಅವರಿಗೆ ಗೊತ್ತಿತ್ತೋ, ಗೊತ್ತಿರಲಿಲ್ಲವೋ. ಕೇಳಿದರೋ, ಕೇಳಬೇಡಿ ಎಂದರೋ. ನಾನು ಹೇಳಿಬಿಡೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಬೈಯಲು ಶುರು ಮಾಡಿದ್ದರು. "ಹೇಳಿದ ಮಾತು ಒಂದ್ ದಿನ ಕೇಳಿದೋನಲ್ಲ. ಬಿಸಿಲಲ್ಲಿ ಅಲೀಬೇಡ್ವೋ ಅಂದ್ರೆ ಅಲೀತಿದ್ದ. ಹೊತ್ತಿಗೆ ಸರಿಯಾಗಿ ಊಟಕ್ಕೆ ಬಾರೋ ಅಂದ್ರೆ ಬರ್ತಿರ್ಲಿಲ್ಲ. ಬರ್ಲಿ ಇವತ್ತು, ಮಾಡ್ತೀನಿ..." ಹೂವು ಮತ್ತೆ ಕಟ್ಟಿಕೊಳ್ಳುತ್ತ ಬಂತು, ಬೈಗುಳ ಅದರ ಜೊತೆಗೇ ಹೆಣೆದುಕೊಳ್ಳುತ್ತ ಬಂತು. ನಾನು ಬಾಯಿ ಮುಚ್ಚಿಕೊಂಡು ಕೇಳುತ್ತ ಕುಳಿತೆ.